ಹಳೇ ಮಿಲಿಟರಿ ರೈಫಲ್ ಕೊಳ್ಳೋದು: ಕತೆ ಬಿಡಿ, ಕಬ್ಬಿಣ ಓದಿ

ಹಳೇ ಮಿಲಿಟರಿ ರೈಫಲ್ ಮಾರುವವರ ಹತ್ತಿರ ಕತೆಗಳಿಗೆ ಬರವಿಲ್ಲ. "ಇದು ಸ್ಟಾಲಿನ್‌ಗ್ರಾಡ್‌ನಲ್ಲಿ ಇದ್ದದ್ದು" ಅಂತ ಒಬ್ಬರು, "ತಾತ ಯುದ್ಧದಿಂದ ಹೊತ್ತು ತಂದದ್ದು" ಅಂತ ಇನ್ನೊಬ್ಬರು. ನಿಜವೂ ಇರಬಹುದು. ಆದರೆ ದುಡ್ಡು ಕೈ ಬದಲಾದ ಮೇಲೆ ಕತೆ ಅವರ ಜೊತೆ ಹೋಗುತ್ತೆ. ನಿಮ್ಮ ಹತ್ತಿರ ಉಳಿಯೋದು ಸುಮಾರು ನಾಲ್ಕು ಕೆ.ಜಿ. ಕಬ್ಬಿಣ ಮತ್ತು ಮರ, ಅಷ್ಟೆ. ಆ ಕಬ್ಬಿಣದ ಮೇಲೆ ನಂಬರು, ಠಸ್ಸೆ, ಗೀರು, ಅಳಿಸಿದ ಗುರುತು ಎಲ್ಲ ಇರುತ್ತದೆ. ಅದನ್ನು ಓದೋದು ಹೇಗೆ ಎನ್ನುವುದೇ ಈ ಲೇಖನದ ಮುಕ್ಕಾಲು ಭಾಗ.

ಲೈಸೆನ್ಸ್ ಮೊದಲು, ಆಸೆ ಆಮೇಲೆ

ನೀವು ಇರುವ ಜಾಗದ ಕಾನೂನು ಏನು ಹೇಳುತ್ತದೆ ಅಂತ ಮೊದಲು ತಿಳಿದುಕೊಳ್ಳಿ. "ಹಳೇದಲ್ವಾ, ಏನಾಗುತ್ತೆ" ಅನ್ನೋ ಮಾತು ಪೊಲೀಸರ ಮುಂದೆ ನಡೆಯಲ್ಲ. ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಅಮೆರಿಕದಲ್ಲಿ 50 ವರ್ಷ ದಾಟಿದ ಬಂದೂಕುಗಳಿಗಾಗಿ ಸಂಗ್ರಹಕಾರರ ಲೈಸೆನ್ಸ್ ಅಂತಲೇ ಒಂದಿದೆ. 1898ರ ಒಳಗೆ ತಯಾರಾದದ್ದನ್ನು ಅಲ್ಲಿನ ಕೇಂದ್ರ ಕಾನೂನು ಪುರಾತನ ವಸ್ತು ಎಂದು ನೋಡುತ್ತದೆ. ಬ್ರಿಟನ್‌ನಲ್ಲಿ ಗುಂಡು ಹಾರದಂತೆ ಕೆಲಸ ಮಾಡಿಸಿದ ರೈಫಲ್‌ಗೆ ಅದಕ್ಕೆಂದೇ ಪ್ರಮಾಣಪತ್ರ ಇರಬೇಕು. ಕೆಲವು ಕಡೆ ಮಿಲಿಟರಿ ಅಳತೆಯ ತೋಟಾ ಬಳಸುವ ರೈಫಲ್ ಸಾಮಾನ್ಯ ಜನರಿಗೆ ಸಿಗುವುದೇ ಇಲ್ಲ.

ಹಾಗಾಗಿ ಮೂರು ವಿಷಯ ಬರವಣಿಗೆಯಲ್ಲಿ ಇಟ್ಟುಕೊಳ್ಳಿ: ಇಟ್ಟುಕೊಳ್ಳಲು ಅನುಮತಿ, ಸಾಗಿಸಲು ಅನುಮತಿ, ಮಾರುವವರಿಗೆ ಮಾರುವ ಹಕ್ಕು ಇದೆಯೋ ಇಲ್ಲವೋ ಅನ್ನೋದು. ಕಾಗದ ಇಲ್ಲದ ಬಂದೂಕು ಎಷ್ಟು ಅಗ್ಗವಾದರೂ ಬೇಡ. ಅದನ್ನು ಮುಂದೆ ನೀವು ಮಾರಲಾರಿರಿ, ತೋರಿಸಲಾರಿರಿ, ನಿಮ್ಮ ಮಕ್ಕಳಿಗೆ ಕೊಡಲಾರಿರಿ.

ಗೋಡೆಗೋ, ಗುರಿಗೋ?

ಇದನ್ನು ಮೊದಲೇ ತೀರ್ಮಾನ ಮಾಡಿದರೆ ಅರ್ಧ ಗೊಂದಲ ಕಳೆಯುತ್ತೆ. ಸುಮ್ನೆ ಇಟ್ಟು ನೋಡಲು, ಓದಲು, ಸಂಗ್ರಹ ಬೆಳೆಸಲು ಬೇಕಾದರೆ ಮೂಲ ಭಾಗಗಳು, ಮೂಲ ಬಣ್ಣ, ಮೂಲ ಠಸ್ಸೆ ಮುಖ್ಯ. ನಳಿಗೆಯ ಒಳಗೆ ಸ್ವಲ್ಪ ಕಪ್ಪಾಗಿದ್ದರೂ ಪರವಾಗಿಲ್ಲ. ಶೂಟಿಂಗ್ ರೇಂಜ್‌ಗೆ ತಗೊಂಡು ಹೋಗಬೇಕು ಅಂದರೆ ಲೆಕ್ಕ ಉಲ್ಟಾ. ನಳಿಗೆ ಚೆನ್ನಾಗಿರಬೇಕು, ತೋಟಾ ಸಿಗುವಂತಿರಬೇಕು. ನಂಬರ್ ಹೊಂದದಿದ್ದರೆ ಅದೇ ನಿಮಗೆ ಲಾಭ, ಬೆಲೆ ಇಳಿಯುತ್ತೆ.

ಎರಡೂ ಚೆನ್ನಾಗಿರುವುದು ಸಿಗುತ್ತದೆ. ಆದರೆ ಅದಕ್ಕೆ ಎರಡರ ಬೆಲೆ ಸೇರಿಸಿ ಕೇಳುತ್ತಾರೆ.

ಯಾವುದರಿಂದ ಶುರು ಮಾಡೋದು

ಮೊದಲ ರೈಫಲ್‌ಗೆ ಜಾಸ್ತಿ ತಯಾರಾದ, ಜಾಸ್ತಿ ಜನ ಅಧ್ಯಯನ ಮಾಡಿದ ಮಾದರಿಯೇ ಒಳ್ಳೆಯದು. ಅಪರೂಪದ್ದನ್ನು ಮೊದಲೇ ಹಿಡಿದರೆ ಹೋಲಿಸಿ ನೋಡಲು ಏನೂ ಇರಲ್ಲ, ಮೋಸ ಹೋಗೋದು ಸುಲಭ.

ರಷ್ಯಾದ ಮೋಸಿನ್-ನಗಾಂ 1891ರಲ್ಲಿ ಬಂದದ್ದು. 1930ರಲ್ಲಿ ತಿದ್ದಿದ 91/30 ಮಾದರಿ ಎಲ್ಲಕ್ಕಿಂತ ಹೆಚ್ಚು ಕಾಣಸಿಗುತ್ತದೆ. ಒರಟು, ಉದ್ದ, ಗಟ್ಟಿ. ಬ್ರಿಟಿಷರ ಲೀ-ಎನ್‌ಫೀಲ್ಡ್ .303 ಅಳತೆಯದು. ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ಬೆಣ್ಣೆ ಸವರಿದ ಹಾಗೆ ಓಡುತ್ತದೆ, ಮ್ಯಾಗಜಿನ್‌ನಲ್ಲಿ 10 ತೋಟಾ ಹಿಡಿಯುತ್ತದೆ. ಜರ್ಮನ್ನರ ಮೌಸರ್ 98ಕೆ 1935ರದ್ದು. ಅದಕ್ಕೆ ಬೇಡಿಕೆ ಜಾಸ್ತಿ, ಹಾಗಾಗಿ ನಕಲಿಯೂ ಜಾಸ್ತಿ. ಅಮೆರಿಕದ ಎಂ1 ಗ್ಯಾರಂಡ್ 1936ರಲ್ಲಿ ಸೇನೆಗೆ ಸೇರಿತು. ಅದು ತಾನೇ ಮತ್ತೆ ಲೋಡ್ ಆಗುವ ರೈಫಲ್ ಆದ್ದರಿಂದ ಅನೇಕ ಕಡೆ ಕಾನೂನು ಇನ್ನೂ ಬಿಗಿ.

ನನ್ನ ಮೆಚ್ಚಿನದು ಬೇರೆ. ಸ್ವಿಟ್ಜರ್ಲೆಂಡಿನ ಕೆ31. ಬೋಲ್ಟನ್ನು ಮೇಲೆತ್ತಿ ಎಳೆಯಬೇಕಿಲ್ಲ, ನೇರ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರೆ ಆಯಿತು. ಗಡಿಯಾರ ಮಾಡುವವರು ಬಂದೂಕು ಮಾಡಿದರೆ ಹೀಗೇ ಇರುತ್ತೇನೋ. ಮರ ಮಾತ್ರ ಕೆಳಗಿನ ತುದಿಯಲ್ಲಿ ಕಚ್ಚಿ ಹೋದ ಹಾಗೆ ಇರುತ್ತೆ. ಅದನ್ನು ನೋಡಿ ಜನ ಮುಖ ಸಿಂಡರಿಸುತ್ತಾರೆ. ಒಳಗೆ ನಳಿಗೆ ಕನ್ನಡಿಯ ಹಾಗೆ ಹೊಳೆಯುವುದನ್ನು ನೋಡದೆಯೇ ಹೋಗುತ್ತಾರೆ.

ನಂಬರ್ ಓದುವ ಕೆಲಸ

ರೈಫಲ್ ಕೈಗೆ ಬಂದ ತಕ್ಷಣ ಬೋಲ್ಟ್ ತೆರೆದು ಖಾಲಿ ಇದೆಯಾ ನೋಡಿ. ಮಾರುವವರು ಈಗಷ್ಟೇ ನೋಡಿ ಕೊಟ್ಟಿದ್ದರೂ ನೀವು ಇನ್ನೊಮ್ಮೆ ನೋಡಿ. ಆಮೇಲೆ ಟಾರ್ಚ್ ತೆಗೆಯಿರಿ.

ಅನೇಕ ದೇಶಗಳ ಕಾರ್ಖಾನೆಗಳಲ್ಲಿ ರೈಫಲ್ ಜೋಡಿಸಿದಾಗ ಮುಖ್ಯ ಭಾಗಗಳಿಗೆಲ್ಲ ಒಂದೇ ನಂಬರ್ ಹಾಕುತ್ತಿದ್ದರು. ಎಲ್ಲ ಹೊಂದಿದರೆ ಸಂಗ್ರಹಕಾರರು 'ಮ್ಯಾಚಿಂಗ್' ಅಂತಾರೆ. ಎಲ್ಲಿ ನೋಡಬೇಕು ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆ. ಮೋಸಿನ್‌ನಲ್ಲಿ ನಳಿಗೆಯ ಬುಡ, ಬೋಲ್ಟ್, ಮ್ಯಾಗಜಿನ್ನಿನ ತಳ, ಹಿಂಬದಿಯ ಲೋಹದ ತಟ್ಟೆ. ಮೊದಲ ಮಹಾಯುದ್ಧದ ಲೀ-ಎನ್‌ಫೀಲ್ಡ್‌ನಲ್ಲಿ ಬೋಲ್ಟ್ ಹಿಡಿ, ರಿಸೀವರ್ (ಬೋಲ್ಟ್ ಓಡಾಡುವ, ನಳಿಗೆ ಕೂರುವ ಲೋಹದ ಒಡಲು), ನಳಿಗೆ, ಮೂತಿಯ ಲೋಹದ ಟೋಪಿ, ಗುರಿ ನೋಡುವ ಸೈಟಿನ ಎಲೆ. ಮೌಸರ್ 98ಕೆಯಲ್ಲಂತೂ ಸ್ಕ್ರೂ ತಲೆಗಳ ಮೇಲೂ ಕೊನೆಯ ಎರಡು ಅಂಕಿ ಇರುತ್ತವೆ. ಜರ್ಮನ್ನರ ಶಿಸ್ತು ಅಲ್ವಾ!

ನಂಬರ್ ಒಂದೇ ಇದ್ದರೆ ಸಾಲದು, ಅದನ್ನು ಹಾಕಿದ ರೀತಿ ನೋಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಡಿಪೋಗಳು ರೈಫಲ್‌ಗಳನ್ನು ಬಿಚ್ಚಿ, ರಿಪೇರಿ ಮಾಡಿ, ಸಿಕ್ಕ ಭಾಗ ಸೇರಿಸಿ ಗೋದಾಮಿಗೆ ಹಾಕಿದವು. ಹಳೆಯ ನಂಬರ್ ಉಜ್ಜಿ ಅಥವಾ ಗೆರೆ ಎಳೆದು ಹೊಡೆದು ಹಾಕಿ, ಹೊಸದನ್ನು ಹಾಕಿದರು. ಬಹಳಷ್ಟು ಸಲ ವಿದ್ಯುತ್ ಪೆನ್ಸಿಲ್‌ನಿಂದ ಗೀಚಿದ ಅಕ್ಷರ. ಅದನ್ನು 'ಬಲವಂತದ ಮ್ಯಾಚಿಂಗ್' ಅನ್ನಬಹುದು. ಚೌಕದ ಒಳಗೆ ಓರೆ ಗೆರೆ ಇರುವ ಠಸ್ಸೆ ಕಂಡರೆ ಅದು ಇಂಥ ರಿಪೇರಿಯ ಗುರುತು. ಮರದ ಮೇಲೆ ಕೆಂಪು ಛಾಯೆಯ ಅರಗಿನ ಹೊಳಪು ಇದ್ದರೂ ಅದೇ ಕತೆ. ಇದೇನೂ ಮೋಸವಲ್ಲ, ಅದೂ ಆ ರೈಫಲ್ಲಿನ ಇತಿಹಾಸವೇ. ಆದರೆ ಕಾರ್ಖಾನೆಯಿಂದ ಬಂದ ಹಾಗೇ ಉಳಿದದ್ದರ ಬೆಲೆ ಇದಕ್ಕೆ ಕೊಡಬೇಡಿ.

ಸೋವಿಯತ್ ಸೇನೆ ವಶಪಡಿಸಿಕೊಂಡ ಜರ್ಮನ್ ಮೌಸರ್‌ಗಳಿಗೂ ಇದೇ ಗತಿ. ಬೋಲ್ಟ್ ಒಂದು ಕಡೆಯದು, ರಿಸೀವರ್ ಇನ್ನೊಂದು ಕಡೆಯದು. ರಿಸೀವರ್ ಪಕ್ಕದಲ್ಲಿ ಎಕ್ಸ್ ಆಕಾರದ ಗುರುತು, ಹದ್ದಿನ ಚಿಹ್ನೆಯನ್ನು ಜಜ್ಜಿದ ಗಾಯ. ಶೂಟಿಂಗ್‌ಗೆ ಇವು ಸಾಕು.

ಕಾರ್ಖಾನೆಯ ಗುರುತುಗಳನ್ನು ಕಲಿಯಲು ಒಂದೆರಡು ಸಂಜೆ ಸಾಕು. ಮೋಸಿನ್ ಮೇಲೆ ತ್ರಿಕೋನದೊಳಗೆ ಬಾಣ ಇದ್ದರೆ ಇಝೆವ್ಸ್ಕ್, ನಕ್ಷತ್ರದೊಳಗೆ ಬಾಣ ಇದ್ದರೆ ತುಲಾ. ಚೌಕದೊಳಗೆ 'ಎಸ್ಎ' ಅಕ್ಷರಗಳಿದ್ದರೆ ಅದು ಫಿನ್ಲೆಂಡ್ ಸೇನೆಯ ಕೈ ದಾಟಿ ಬಂದದ್ದು. ಫಿನ್ನರು ಹಳೆಯ ರಷ್ಯನ್ ರಿಸೀವರ್‌ಗೆ ತಮ್ಮದೇ ಒಳ್ಳೆಯ ನಳಿಗೆ ಕೂರಿಸುತ್ತಿದ್ದರು. ಹಾಗಾಗಿ ನಳಿಗೆಯ ಮೇಲೆ 1942 ಅಂತ ಇದ್ದು, ಮರ ಬಿಚ್ಚಿದಾಗ ರಿಸೀವರ್ ಬಾಲದ ಅಡಿಯಲ್ಲಿ 1890ರ ದಶಕದ ವರ್ಷ ಕಾಣಬಹುದು. ಕಾನೂನಿನ ದೃಷ್ಟಿಯಲ್ಲಿ ವಯಸ್ಸು ಲೆಕ್ಕ ಹಾಕೋದು ರಿಸೀವರ್‌ನಿಂದ ಅನ್ನುವ ದೇಶಗಳಲ್ಲಿ ಈ ಒಂದು ಅಂಕಿಗೆ ತುಂಬಾ ತೂಕ.

ಮೌಸರ್ 98ಕೆಯ ರಿಸೀವರ್ ಮೇಲೆ ಕಾರ್ಖಾನೆ ಹೆಸರಿನ ಬದಲು ಗುಪ್ತ ಸಂಕೇತ ಇರುತ್ತದೆ. 'ಬಿವೈಎಫ್' ಅಂದರೆ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆ, 'ಬಿಎನ್‌ಝಡ್' ಅಂದರೆ ಆಸ್ಟ್ರಿಯಾದ ಸ್ಟೈರ್. ಜಪಾನಿನ ಅರಿಸಾಕಾ ಮೇಲೆ ಚಕ್ರವರ್ತಿಯ 16 ದಳದ ಸೇವಂತಿಗೆ. ಶರಣಾದ ಮೇಲೆ ಅದನ್ನು ಬಹುತೇಕ ಉಜ್ಜಿ ಹಾಕಲಾಯಿತು. ಹೂವು ಉಳಿದಿದ್ದರೆ ಬೆಲೆ ಏರುತ್ತದೆ, ಆದ್ದರಿಂದಲೇ ಉಜ್ಜಿದ ಜಾಗದಲ್ಲಿ ಹೊಸ ಹೂವು ಕೆತ್ತುವವರೂ ಇದ್ದಾರೆ. ಹೂವಿನ ಸುತ್ತಲ ಲೋಹ ತಗ್ಗಾಗಿದೆಯಾ ಅಂತ ಬೆರಳಾಡಿಸಿ ನೋಡಿ.

ಸ್ವೀಡನ್ನಿನ ಮೌಸರ್ ಸಿಕ್ಕರೆ ಹಿಂಬದಿ ಮರದ ಬಲಗಡೆ ಒಂದು ಹಿತ್ತಾಳೆ ಬಿಲ್ಲೆ ಇದೆಯಾ ನೋಡಿ. ನಳಿಗೆಯ ಒಳ ಅಳತೆ ಎಷ್ಟು, ಎಷ್ಟು ಸವೆದಿದೆ ಅಂತ ಸೇನೆಯ ಬಂದೂಕು ಕಮ್ಮಾರರೇ ಅದರ ಮೇಲೆ ಗುರುತು ಹಾಕುತ್ತಿದ್ದರು. ಎಲ್ಲ ದೇಶದವರೂ ಹೀಗೆ ಮಾಡಿದ್ದರೆ ನಮ್ಮ ಕೆಲಸ ಎಷ್ಟು ಸುಲಭ ಆಗ್ತಿತ್ತು! ಆದರೂ ಬಿಲ್ಲೆ ಹಾಕಿದ ಮೇಲೆ ಎಷ್ಟೋ ಗುಂಡು ಹಾರಿರಬಹುದು, ನಳಿಗೆಯನ್ನು ನೀವೂ ನೋಡಲೇಬೇಕು.

ಮರ

ಮರದಲ್ಲಿ ನೋಡಬೇಕಾದ್ದು ಹೊಳಪಲ್ಲ, ಎತ್ತರ. ಮರ ಮತ್ತು ಲೋಹ ಸೇರುವ ಕಡೆ ಮರ ಸ್ವಲ್ಪ ಎತ್ತರ ಇರಬೇಕು, ಕಡೇಪಕ್ಷ ಸಮ ಇರಬೇಕು. ಲೋಹ ಎದ್ದು, ಮರ ತಗ್ಗಾಗಿದ್ದರೆ ಯಾರೋ ಮರಳು ಕಾಗದ ಹಾಕಿ ಉಜ್ಜಿದ್ದಾರೆ ಎಂದರ್ಥ. ಮರದ ಠಸ್ಸೆಗಳು ಮಸುಕಾಗಿದ್ದರೂ ಅದೇ.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ನನ್ನ ಮೊದಲ ಲೀ-ಎನ್‌ಫೀಲ್ಡ್ ಕೊಳೆ, ಎಣ್ಣೆ, ಗ್ರೀಸು ಸೇರಿ ಕಪ್ಪಾಗಿತ್ತು. ಮೂರು ಭಾನುವಾರ ಕೂತು ಉಜ್ಜಿ, ವಾರ್ನಿಷ್ ಹೊಡೆದು ಮಂಚದ ಕಾಲಿನ ಹಾಗೆ ಮಿಂಚಿಸಿದೆ. ಆಮೇಲೆ ಒಬ್ಬ ಹಿರಿಯ ಸಂಗ್ರಹಕಾರರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಬೈಯಲಿಲ್ಲ, "ಇಲ್ಲೊಂದು ಠಸ್ಸೆ ಇತ್ತಲ್ವಾ?" ಅಂತ ಮಾತ್ರ ಕೇಳಿದರು. ಇತ್ತು. ಮೂರು ಭಾನುವಾರದ ಧೂಳಿನ ಜೊತೆ ಅದನ್ನೂ ಗುಡಿಸಿ ಹಾಕಿದ್ದೆ.

ಬಿರುಕನ್ನು ಹುಡುಕಲು ಕೈ ಹಿಡಿಯುವ ಸಣ್ಣ ಕುತ್ತಿಗೆ, ರಿಸೀವರ್ ಬಾಲದ ಹಿಂದೆ, ಗುಂಡು ಹಾರಿದಾಗ ಗುದ್ದು ತಡೆಯುವ ಜಾಗ, ಇಷ್ಟನ್ನು ನೋಡಿ. ಹಳೆಯ ಕಾಲದಲ್ಲೇ ಸೇನೆ ಹಾಕಿದ ತೇಪೆ, ಮರದ ಬೆಣೆ ಇದ್ದರೆ ಅದು ಕುಂದಲ್ಲ. ಹೊಸ ಅಂಟು ಸೋರಿದ ಗುರುತು ಇದ್ದರೆ ಕುಂದು. ಬೇಟೆಗೆ ಹಗುರ ಆಗಲಿ ಅಂತ ಮುಂದಿನ ಮರ ಕತ್ತರಿಸಿದ ರೈಫಲ್‌ಗಳು ಬೇಕಾದಷ್ಟಿವೆ. ಅಗ್ಗವಾಗಿ ಸಿಗುತ್ತವೆ. ಮೂಲ ಮರ ಹುಡುಕಿ ಕೂರಿಸೋಣ ಅನ್ನಿಸುತ್ತೆ. ನಳಿಗೆಯನ್ನೂ ಕತ್ತರಿಸಿದ್ದರೆ ಆ ಯೋಚನೆ ಬಿಡಿ. ನಳಿಗೆ ಪೂರ್ತಿ ಇದ್ದರೂ, ಮರ, ಮರ ಬಿಗಿಯುವ ಪಟ್ಟಿ, ಸ್ಕ್ರೂ ಒಂದೊಂದೇ ಕೊಳ್ಳುತ್ತಾ ಹೋದರೆ ಕೊನೆಗೆ ಪೂರ್ಣ ರೈಫಲ್ಲಿಗಿಂತ ಜಾಸ್ತಿ ಖರ್ಚಾಗಿರುತ್ತದೆ.

ನಳಿಗೆಯ ಒಳಗೆ

ಬೋಲ್ಟ್ ತೆಗೆದು, ಹಿಂದಿನಿಂದ ಬೆಳಕು ಬಿಟ್ಟು ನೋಡಿ. ಮೊದಲು ಒಂದು ಒಣ ಬಟ್ಟೆ ತುಂಡು ಹಾಯಿಸಲು ಅನುಮತಿ ಕೇಳಿ. ಗ್ರೀಸು ತುಂಬಿದ ನಳಿಗೆ ಎಲ್ಲ ದೋಷವನ್ನೂ ಮುಚ್ಚುತ್ತದೆ, ಎಣ್ಣೆ ಸವರಿದ ನಳಿಗೆ ಇಲ್ಲದ ಹೊಳಪನ್ನು ತೋರಿಸುತ್ತದೆ. ಒಳಗಿನ ಸುರುಳಿ ಗೆರೆಗಳ ಅಂಚು ಚೂಪಾಗಿ ಕಾಣಬೇಕು. ಒಳಗಡೆ ಕಪ್ಪಗಿದ್ದರೂ ಗೆರೆ ಗಟ್ಟಿಯಾಗಿದ್ದರೆ ರೈಫಲ್ ಚೆನ್ನಾಗೇ ಹೊಡೆಯಬಹುದು. ಅಲ್ಲಲ್ಲಿ ಗುಳಿ ಬಿದ್ದಿದ್ದರೆ, ಅಥವಾ ಒಂದು ಕಡೆ ಉಂಗುರದ ಹಾಗೆ ನೆರಳು ಕಂಡರೆ ಬೇಡ. ಆ ಉಂಗುರ ಒಳಗೆ ಏನೋ ಸಿಕ್ಕಿಕೊಂಡಾಗ ಗುಂಡು ಹಾರಿಸಿ ನಳಿಗೆ ಉಬ್ಬಿದ ಗುರುತು.

ಮೂತಿ ಸವೆಯುವುದಕ್ಕೆ ಗುಂಡಿಗಿಂತ ಸ್ವಚ್ಛ ಮಾಡುವ ಕಬ್ಬಿಣದ ಸಲಾಕೆ ದೊಡ್ಡ ಕಾರಣ. ವರ್ಷಗಟ್ಟಲೆ ಸೈನಿಕರು ಮೂತಿಯ ಕಡೆಯಿಂದ ಸಲಾಕೆ ತುರುಕಿ ಉಜ್ಜಿರುತ್ತಾರೆ. ಮೋಸಿನ್‌ಗಳಲ್ಲಿ ಸವೆದ ಮೂತಿಯ ಒಳಭಾಗವನ್ನು ಸ್ವಲ್ಪ ದೂರದವರೆಗೆ ಅಗಲವಾಗಿ ಕೊರೆದು, ಗೆರೆಗಳನ್ನು ಒಳಗಿನಿಂದ ಶುರುವಾಗುವ ಹಾಗೆ ಮಾಡಿರುವುದೂ ಉಂಟು. ಮುಂದಿನಿಂದ ನೋಡಿದರೆ ಬಾವಿಯ ಹಾಗೆ ಕಾಣುತ್ತದೆ. ಸಂಗ್ರಹಕ್ಕೆ ಅದು ಒಂದು ಕಡಿಮೆ, ಗುರಿಗೆ ಕೆಲವೊಮ್ಮೆ ಒಳ್ಳೆಯದೇ. ಸವೆತ ಅಳೆಯಲು ಮೂತಿಗೆ ಜೀವಂತ ತೋಟಾ ತುರುಕಿ ನೋಡುವವರಿದ್ದಾರೆ, ಅವರ ಪಕ್ಕ ನಿಲ್ಲಬೇಡಿ. ಅದಕ್ಕೆಂದೇ ಅಳತೆ ಕಡ್ಡಿ ಇದೆ. ಗ್ಯಾರಂಡ್ ಮಾರುವವರು ಮೂತಿ ಮತ್ತು ಗಂಟಲಿನ (ತೋಟಾ ಕೂರುವ ಜಾಗದ ಮುಂದಿನ ನಳಿಗೆಯ ಭಾಗ) ಸವೆತಕ್ಕೆ ಒಂದೊಂದು ಅಂಕಿ ಕೊಡುತ್ತಾರೆ. ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ಇನ್ನು ಹೆಡ್‌ಸ್ಪೇಸ್. ಬೋಲ್ಟ್ ಮುಚ್ಚಿದಾಗ ತೋಟಾ ಕೂರುವ ಜಾಗಕ್ಕೂ ಬೋಲ್ಟಿನ ಮುಖಕ್ಕೂ ನಡುವಿನ ಅಳತೆ ಇದು. ಅದು ಜಾಸ್ತಿಯಾದರೆ ಹಿತ್ತಾಳೆ ಕವಚ ಹಿಗ್ಗಿ ಒಡೆದು, ಬಿಸಿ ಅನಿಲ ನಿಮ್ಮ ಮುಖದ ಕಡೆ ಬರುತ್ತದೆ. ಬೋಲ್ಟ್ ನಂಬರ್ ಹೊಂದದ ರೈಫಲ್‌ನಲ್ಲಿ ಇದನ್ನು ಅಳೆಯದೆ ಗುಂಡು ಹಾರಿಸಲೇಬಾರದು. 'ಗೋ', 'ನೋ-ಗೋ', 'ಫೀಲ್ಡ್' ಅನ್ನುವ ಮೂರು ಉಕ್ಕಿನ ಅಳತೆ ತುಂಡುಗಳಿರುತ್ತವೆ. 'ಗೋ' ಮೇಲೆ ಬೋಲ್ಟ್ ಮುಚ್ಚಬೇಕು. 'ಫೀಲ್ಡ್' ಮೇಲೂ ಮುಚ್ಚಿತು ಅಂದರೆ ಆ ರೈಫಲ್ ಗೋಡೆಗೇ ಸರಿ. 'ನಂಬರ್ 4' ಎಂಬ ಮಾದರಿಯ ಲೀ-ಎನ್‌ಫೀಲ್ಡ್‌ನಲ್ಲಿ ಬೋಲ್ಟಿನ ತಲೆ ಬೇರೆಯಾಗಿ ಬರುತ್ತದೆ, 0ಯಿಂದ 3ರವರೆಗೆ ಅಂಕಿ ಇರುತ್ತದೆ, ಅಂಕಿ ಏರಿದ ಹಾಗೆ ಉದ್ದ ಏರುತ್ತದೆ. ಈ ಕೆಲಸವನ್ನು ಪರವಾನಗಿ ಇರುವ ಬಂದೂಕು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ.

ಗುಂಡು ಹಾರಿಸಬಾರದವು

ಕೆಲವು ರೈಫಲ್‌ಗಳು ನೋಡಲು ಪೂರ್ತಿ ಇದ್ದರೂ ಒಳಗೆ ಅಪಾಯ. ಬ್ರಿಟಿಷ್ ರೈಫಲ್ ಮೇಲೆ 'ಡಿಪಿ' ಅಂತ ಇದ್ದರೆ ಅದು ಕವಾಯತಿಗೆ ಮಾತ್ರ ಎಂದು ಸೇನೆಯೇ ಬದಿಗಿಟ್ಟದ್ದು. ಅಮೆರಿಕದ 1903 ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ನಂಬರ್, ರಾಕ್ ಐಲೆಂಡ್ ಕಾರ್ಖಾನೆಯ 2,85,507ಕ್ಕಿಂತ ಕೆಳಗಿನ ನಂಬರ್ ಇದ್ದರೆ ಶೋಕೇಸಿನಲ್ಲಿಡಿ. ಆ ಕಾಲದಲ್ಲಿ ಉಕ್ಕನ್ನು ಕಾಯಿಸುವಾಗ ಕೆಲಸಗಾರರು ಬಣ್ಣವನ್ನು ಕಣ್ಣಳತೆಯಲ್ಲೇ ನೋಡಿ ಶಾಖ ಅಂದಾಜು ಮಾಡುತ್ತಿದ್ದರು. ಕೆಲವು ರಿಸೀವರ್‌ಗಳು ಅತಿಯಾಗಿ ಕಾದು ಗಾಜಿನ ಹಾಗೆ ಸಿಡಿಯುವಂತಾದವು. ಯಾವುದು ಸರಿ, ಯಾವುದು ತಪ್ಪು ಅಂತ ಹೊರಗಿನಿಂದ ಗೊತ್ತಾಗಲ್ಲ.

ತೋಟಾ ವಿಷಯದಲ್ಲೂ ಹೆಸರು ನೋಡಿ ಮೋಸ ಹೋಗಬೇಡಿ. ಜರ್ಮನ್ನರು 1905ರಲ್ಲಿ ಗುಂಡಿನ ದಪ್ಪವನ್ನು .318 ಇಂಚಿನಿಂದ .323 ಇಂಚಿಗೆ ಬದಲಿಸಿದರು. ಎರಡನ್ನೂ ಜನ '8 ಎಂ.ಎಂ. ಮೌಸರ್' ಅಂತಲೇ ಕರೆಯುತ್ತಾರೆ. ಹಳೆಯ ಸಣ್ಣ ನಳಿಗೆಯಲ್ಲಿ ಹೊಸ ದಪ್ಪ ಗುಂಡು ಹೋದರೆ ಒತ್ತಡ ಮಿತಿ ಮೀರುತ್ತದೆ. ನಮ್ಮ ಭಾರತದ ಇಶಾಪುರ ಕಾರ್ಖಾನೆಯ 2ಎ ಮತ್ತು 2ಎ1 ರೈಫಲ್‌ಗಳು ನೋಡಲು ಹಳೆಯ .303 ಲೀ-ಎನ್‌ಫೀಲ್ಡ್ ಹಾಗೇ ಇವೆ, ಆದರೆ ಅವು 7.62 ನ್ಯಾಟೋ ತೋಟಾಕ್ಕೆ ಮಾಡಿದವು. ಮ್ಯಾಗಜಿನ್ ಪೆಟ್ಟಿಗೆಯ ಹಾಗೆ ಚೌಕವಾಗಿರುವುದರಿಂದ ಗುರುತು ಸಿಗುತ್ತದೆ. ಗ್ಯಾರಂಡ್‌ಗೆ ಇವತ್ತಿನ ಭಾರೀ ಬೇಟೆ ತೋಟಾ ಹಾಕಿದರೆ ಬೋಲ್ಟನ್ನು ಹಿಂದಕ್ಕೆ ಎಳೆಯುವ ಅದರ ಆಪರೇಟಿಂಗ್ ರಾಡ್ ಬಾಗಬಹುದು.

ನಕಲಿ ಎಲ್ಲಿ ಜಾಸ್ತಿ

ದುಡ್ಡು ಎಲ್ಲಿ ಜಾಸ್ತಿಯೋ ಅಲ್ಲಿ. ಸ್ನೈಪರ್ ಮಾದರಿಗಳು ಮೊದಲ ಸಾಲಿನಲ್ಲಿ. ಸಾಮಾನ್ಯ ಮೋಸಿನ್‌ಗೆ ಹೊಸದಾಗಿ ತೂತು ಕೊರೆದು, ದುರ್ಬೀನು ಕೂರಿಸಿ ಮಾರುತ್ತಾರೆ. ತೂತಿನ ಅಂಚು ಹೊಸ ಲೋಹದ ಬೆಳ್ಳಿ ಬಣ್ಣದಲ್ಲಿದೆಯಾ ನೋಡಿ. ನಾಜಿ ಕಾಲದ ವಿಶೇಷ ಪಡೆಗಳ ಠಸ್ಸೆ ಇದೆ ಎಂದು ಹೇಳಿದರೆ ನಕಲಿ ಅಂತಲೇ ಹೊರಟು, ಅಸಲಿ ಎಂದು ಸಾಬೀತು ಮಾಡುವ ಹೊರೆ ಮಾರುವವರ ಮೇಲೆ ಬಿಡಿ. ಹಳೆಯ ಠಸ್ಸೆ ಹಾಕಿದ್ದು ಕಪ್ಪು ಲೇಪಕ್ಕಿಂತ ಮೊದಲೋ ನಂತರವೋ ಎನ್ನುವುದು ಮಾದರಿಗೆ ತಕ್ಕಂತೆ ಇರುತ್ತದೆ. ಅಸಲಿಯ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರದ ಆಕಾರ ಹೋಲಿಸಿ.

ಲೋಹಕ್ಕೆ ಹೊಸ ಕಪ್ಪು ಲೇಪ ಮಾಡಿಸಿದ್ದರೂ ಗೊತ್ತಾಗುತ್ತದೆ. ಹಳೆಯ ತುಕ್ಕಿನ ಗುಳಿಗಳ ಒಳಗೂ ಕಪ್ಪು ಹೊಳೆಯುತ್ತಿದ್ದರೆ, ಠಸ್ಸೆಯ ಅಂಚು ಸೋಪಿನ ಹಾಗೆ ಕರಗಿದ್ದರೆ, ಅದನ್ನು ಪಾಲಿಶ್ ಮಾಡಿ ಮತ್ತೆ ಕಪ್ಪಾಗಿಸಿದ್ದಾರೆ.

ಬೆಲೆ ಮಾತಾಡುವಾಗ

ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಹರಾಜುಗಳಲ್ಲಿ ಮುಗಿದ ವ್ಯವಹಾರಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಹೆಗಲ ಪಟ್ಟಿ, ಬಯೋನೆಟ್, ಮ್ಯಾಗಜಿನ್ ಕಾಣೆಯಾಗಿದ್ದರೆ ಅವುಗಳ ಬೆಲೆ ಮೊದಲೇ ಕಳೆಯಿರಿ. ಕತೆಗೆ ದುಡ್ಡು ಕೇಳಿದರೆ ಕಾಗದ ಕೇಳಿ. ಅಮೆರಿಕದ ಸೈನಿಕರು ಯುದ್ಧದ ನೆನಪಿಗೆ ರೈಫಲ್ ತರುವಾಗ ಅವರಿಗೆ ಮೇಲಧಿಕಾರಿಯ ಸಹಿ ಇದ್ದ ಪತ್ರ ಕೊಡಲಾಗುತ್ತಿತ್ತು. ಆ ಪತ್ರದಲ್ಲಿ ನಂಬರ್ ಇದ್ದು ಅದು ರೈಫಲ್‌ಗೆ ಹೊಂದಿದರೆ ಜಾಸ್ತಿ ಕೊಡಬಹುದು.

ದೂರದಿಂದ ಕೊಳ್ಳುವುದಾದರೆ ಪ್ರತಿ ನಂಬರು, ಪ್ರತಿ ಠಸ್ಸೆ, ಮೂತಿ, ಬೋಲ್ಟಿನ ಮುಖ, ಮರದ ಎರಡೂ ಪಕ್ಕ, ಇಷ್ಟರ ಫೋಟೋ ಹಗಲು ಬೆಳಕಿನಲ್ಲಿ ಕೇಳಿ. "ಕ್ಯಾಮೆರಾ ಸರಿ ಇಲ್ಲ" ಅಂದರೆ ಮುಂದಕ್ಕೆ ಹೋಗಿ.

ಮನೆಗೆ ಬಂದ ಮೇಲೆ

ಗೋದಾಮಿನಿಂದ ಬಂದ ರೈಫಲ್ ಕಾಸ್ಮೊಲೀನ್ ಅನ್ನುವ ಕಂದು ಗ್ರೀಸಿನಲ್ಲಿ ಮುಳುಗಿರುತ್ತದೆ. ಬಿಚ್ಚಿ, ಲೋಹದ ಭಾಗಗಳನ್ನು ಮಿನರಲ್ ಟರ್ಪಂಟೈನ್‌ನಲ್ಲಿ ತೊಳೆಯಿರಿ, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಮರವನ್ನು ಕಪ್ಪು ಚೀಲದಲ್ಲಿ ಸುತ್ತಿ ಬಿಸಿಲಿಗಿಟ್ಟರೆ ಗ್ರೀಸು ತಾನೇ ಬೆವರಿ ಹೊರಬರುತ್ತದೆ, ಒರೆಸುತ್ತಾ ಹೋಗಿ. ಮೇಲೆ ತೆಳ್ಳಗೆ ಅಗಸೆ ಎಣ್ಣೆ ಸಾಕು. ಉಕ್ಕಿನ ಬ್ರಷ್, ಮರಳು ಕಾಗದ, ವಾರ್ನಿಷ್ ಯಾವುದೂ ಬೇಡ.

ಹಳೆಯ ಮಿಲಿಟರಿ ತೋಟಾ ಹಾರಿಸಿದರೆ ಅದೇ ದಿನ ನೀರಿನಿಂದ ತೊಳೆಯಿರಿ. ಅವುಗಳಲ್ಲಿ ಬಹಳಷ್ಟರ ಪ್ರೈಮರ್‌ನಲ್ಲಿ (ತೋಟಾದ ಬುಡದಲ್ಲಿ ಕಿಡಿ ಹತ್ತಿಸುವ ಭಾಗ) ಇರುವ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಒಂದು ಬಗೆಯ ಉಪ್ಪು ಉಳಿಯುತ್ತದೆ. ಉಪ್ಪು ಗಾಳಿಯ ತೇವ ಎಳೆದು ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗಲ್ಲ, ನೀರಲ್ಲಿ ಕರಗುತ್ತದೆ. ಬಿಸಿನೀರು ಹಾಯಿಸಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ.

ಬೀಗ ಹಾಕುವ ಕಬ್ಬಿಣದ ಬೀರುವಿನಲ್ಲಿ ಇಡಿ, ಬೋಲ್ಟ್ ಮತ್ತು ತೋಟಾ ಬೇರೆ ಕಡೆ. ಚರ್ಮದ ಚೀಲದೊಳಗೆ ಇಟ್ಟು ಮರೆತರೆ ಚರ್ಮ ತೇವ ಹಿಡಿದು ಲೋಹ ತಿನ್ನುತ್ತದೆ. ಒಂದು ನೋಟ್‌ಬುಕ್‌ನಲ್ಲಿ ಪ್ರತಿ ನಂಬರ್, ಠಸ್ಸೆ, ಕೊಂಡ ದಿನ ಎಲ್ಲ ಬರೆದಿಡಿ, ಮಾರಿದವರ ರಸೀದಿ, ಫೋಟೋ ಅಂಟಿಸಿ.

ಕೊಂಡದ್ದು ಕೆ31 ಆಗಿದ್ದರೆ ಇನ್ನೊಂದು ಕೆಲಸ ಇದೆ. ಹಿಂಬದಿಯ ಲೋಹದ ತಟ್ಟೆಯ ಎರಡು ಸ್ಕ್ರೂ ನಿಧಾನ ಬಿಚ್ಚಿ. ಅದರ ಅಡಿಯಲ್ಲಿ ಕೆಲವೊಮ್ಮೆ ಸಣ್ಣ ಚೀಟಿ ಇರುತ್ತದೆ, ಆ ರೈಫಲ್ ಹೊತ್ತ ಸೈನಿಕನ ಹೆಸರು, ಅವನ ತುಕಡಿ ಬರೆದಿರುತ್ತದೆ. ಓದಿ, ಫೋಟೋ ತೆಗೆದು, ಇದ್ದ ಹಾಗೇ ಮಡಚಿ, ಅದೇ ಜಾಗದಲ್ಲಿ ಇಟ್ಟು ಸ್ಕ್ರೂ ಬಿಗಿಯಿರಿ.